ನಮ್ದು ಓಗಿಲ್ಲ

ಪರದೆಯ ಮೇಲಿದ್ದ ಮಕ್ಕಳೆಲ್ಲ ಒಟ್ಟಿಗೆ ಕಲ್ಲಾದರು. ಮೂಗಿಗೆ ಬೆರಳು ಹಾಕಿದ್ದ ಹುಡುಗ ಹಾಕಿದಂತೆಯೇ ನಿಂತ, ಆಕಳಿಸಲು ಬಾಯಿ ತೆರೆದಿದ್ದ ಹುಡುಗಿ ತೆರೆದಂತೆಯೇ ಉಳಿದಳು. ವೃತ್ತಕ್ಕೆ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯುತ್ತಿದ್ದ ಶಶಿರೇಖಾ ಪೆನ್ನು ಎತ್ತಿ, "ಕೇಳಿಸ್ತಿದೆಯಾ ಮಕ್ಕಳೇ?" ಎಂದಳು. ಯಾರಿಗೂ ಕೇಳಿಸುತ್ತಿರಲಿಲ್ಲ. ತಿರುಗಿ ನೋಡಿದರೆ ಬೀರುವಿನ ಮೇಲಿದ್ದ ರೂಟರಿನಲ್ಲಿ ಹಸಿರು ದೀಪ ಆರಿ, ಪಕ್ಕದ ಕೆಂಪು ದೀಪ ಪಿಳಿಪಿಳಿ ಎನ್ನುತ್ತಿತ್ತು.

"ಓಯ್ತಾ?" ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಪ್ಪ ಕೆಂಪಸಿದ್ದಯ್ಯ ಅಲ್ಲಿಂದಲೇ ಕೂಗಿದ.

"ಹೋಯ್ತು."

"ಓಗ್ದೆ ಇನ್ನೇನಾಯ್ತದೆ? ನಮ್ಮನೆ ಲೈನು ಅವ್ರ್ ಮನೆ ಮ್ಯಾಲೆ ಆದು ಬಂದ್ರೆ ಸುಮ್ಕಿರ್ತಾರಾ ಅವ್ರು?"

ಅವರು ಎಂದರೆ ಮೇಲಿನ ಬೀದಿಯ ಗೌಡರು. ವೈದ್ಯನಾಥಪುರ ದಾಟಿ ಹೊಳೆ ಕಡೆಗೆ ಇಳಿಯುವ ದಾರಿಯಲ್ಲಿದೆ ಈ ಊರು. ದಿಬ್ಬದ ಮೇಲೆ ಗೌಡರ ಬೀದಿ, ಕೆಳಗೆ ತಗ್ಗಿನಲ್ಲಿ ದಲಿತರ ಕೇರಿ. ಇಂಟರ್ನೆಟ್ಟಿನ ವೈರು ಮದ್ದೂರಿನಿಂದ ಬಂದು ಮೊದಲು ಮೇಲಿನ ಬೀದಿ ಸುತ್ತಿ ಆಮೇಲೆ ಕೆಳಗಿಳಿಯಬೇಕು. ಕೇರಿಯಲ್ಲಿ ಅದನ್ನು ಹಾಕಿಸಿಕೊಂಡಿದ್ದು ಇವರ ಮನೆಯೊಂದೇ. ಮಿಕ್ಕವರದೆಲ್ಲ ಮೊಬೈಲೇ. ಅದೂ ತಗ್ಗಿನಲ್ಲಿ ಒಂದು ಕಡ್ಡಿ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಹುಣಸೆಮರದ ಬುಡಕ್ಕೆ ಹೋಗಿ ನಿಲ್ಲಬೇಕು.

ಫೋನು ಬಡಿದುಕೊಂಡಿತು. ವೀಣ. ಬೆಂಗಳೂರಿನ ಆನ್‌ಲೈನ್ ಟ್ಯೂಷನ್ ಕಂಪನಿಯಲ್ಲಿ ಶಶಿರೇಖಾಳ ಮೇಲಿನವಳು.

"ಶಶಿರೇಖಾ, ನಿಮ್ಮ ಪಾಠದ ಬಗ್ಗೆ ಒಂದು ಮಾತೂ ಇಲ್ಲ. ಆದ್ರೆ ಇದು ಮೂರನೇ ಸಲ ರೀ. ಪೇರೆಂಟ್ಸ್ ನನ್ನ ಜೀವ ತಿಂತಿದ್ದಾರೆ. ಶನಿವಾರ ಸಂಜೆ ಐದರ ಕ್ಲಾಸಿಗೆ ನಾನೇ ಕೂತು ನೋಡ್ತೀನಿ. ಅದು ಪೂರ್ತಿ ನಡೀಲಿ, ನಿಮ್ಮನ್ನ ಪರ್ಮನೆಂಟ್ ಮಾಡಿಸೋದು ನನಗಿರಲಿ. ಅದೂ ಕಟ್ಟಾದ್ರೆ ಮಾತ್ರ ಬೇರೆಯವರನ್ನ ತಗೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರಾಗದೆ ಏನು? ಹೋದ ವರ್ಷದವರೆಗೆ ಶಶಿರೇಖಾ ಮಳವಳ್ಳಿಯ ಒಂದು ಖಾಸಗಿ ಶಾಲೆಗೆ ಹೋಗುತ್ತಿದ್ದಳು. ಇಲ್ಲಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಎರಡೂ ಕಡೆ ನಿಂತೇ ಪ್ರಯಾಣ. ಗಣಿತದ ಟೀಚರು ಎಂದು ಸೇರಿಸಿಕೊಂಡು ಕನ್ನಡ, ಪಿ.ಟಿ., ಕೊನೆಗೆ ವಾರ್ಷಿಕೋತ್ಸವದ ಕೋಲಾಟವನ್ನೂ ಅವಳ ತಲೆಗೇ ಕಟ್ಟಿದ್ದರು. ಇದು ಹಾಗಲ್ಲ. ಬರೀ ಗಣಿತ, ಅದೂ ಕನ್ನಡದಲ್ಲಿ. ಎಲ್ಲಿಯದೋ ಯಾದಗಿರಿಯ ಹುಡುಗಿ "ಟೀಚರ್, ಈಗ ತಿಳೀತ್ರಿ" ಎಂದಾಗ ಇವಳಿಗೆ ರಾತ್ರಿ ನಿದ್ದೆಯಲ್ಲೂ ನಗು ಬರುತ್ತಿತ್ತು. ಈ ಕೆಲಸ ಬಿಟ್ಟು ಕೊಡುವುದು ಸಾಧ್ಯವೇ ಇರಲಿಲ್ಲ.

ಸುಮ್ಮನೆ ಕೂರುವ ಪೈಕಿಯೂ ಅವಳಲ್ಲ. ರೂಟರನ್ನು ಆರಿಸಿ ಹತ್ತಿಸಿ ನೋಡಿದ್ದಾಯಿತು. ಬೀರುವಿನಿಂದ ಕಿಟಕಿಗೆ, ಕಿಟಕಿಯಿಂದ ಬುದ್ಧನ ಪಟದ ಕೆಳಗಿನ ಸ್ಟ್ಯಾಂಡಿಗೆ, ಅಲ್ಲಿಂದ ಮತ್ತೆ ಬೀರುವಿಗೆ ಮೆರವಣಿಗೆ ಮಾಡಿಸಿದ್ದಾಯಿತು. ಹಳದಿ ವೈರಿನ ತುದಿಯನ್ನು ಬಟ್ಟೆಯಲ್ಲಿ ಒರೆಸಿ, ಎಲ್ಲಾದರೂ ಮಡಿಚಿದೆಯಾ, ಇಲಿ ಕಚ್ಚಿದೆಯಾ ಎಂದು ಬೆರಳಾಡಿಸಿ, ಅಡಾಪ್ಟರನ್ನೂ ಬದಲಾಯಿಸಿದ್ದಳು. ಕೆಂಪು ದೀಪ ಎಂದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದು ವೀಡಿಯೋಗಳನ್ನು ನೋಡಿ ತಿಳಿದುಕೊಂಡಿದ್ದಳು. ಅಪ್ಪ ಮಾತ್ರ ತನ್ನ ಹಳೇ ಟೆಸ್ಟರ್ ಹಿಡಿದು ಬಂದು ವೈರಿಗೆ ಮುಟ್ಟಿಸಿ, "ಕರೆಂಟೇ ಇಲ್ವಲ್ಲವ್ವ ಇದ್ರಾಗೆ!" ಎಂದಿದ್ದ.

"ಅದ್ರಲ್ಲಿ ಕರೆಂಟ್ ಇರಲ್ಲಪ್ಪ. ಬೆಳಕು ಹೋಗೋದು."

"ಬೆಳಕಾ? ವೈರ್ ಒಳ್ಗಾ? ಯಾರ್ಗವ್ವ ಯೋಳ್ತೀಯೆ, ಮೂವತ್ತೊರ್ಸ ಕಂಬ ಅತ್ತಿವ್ನಿ ನಾನು."

ಕೆಂಪಸಿದ್ದಯ್ಯ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದವನು. ರಿಟೈರಾದ ಮೇಲೂ ಊರಿಗೆಲ್ಲ ಅವನು ಲೈನ್‌ಮ್ಯಾನೇ. ಮೇಲಿನ ಬೀದಿಯ ಒಂದೊಂದು ಮನೆಗೂ ಕರೆಂಟು ಕೊಟ್ಟವನು ತಾನು ಎಂಬ ಹೆಮ್ಮೆ, ಅದರಲ್ಲಿ ಒಂದು ಮನೆಯೂ ತನ್ನನ್ನು ಒಳಕ್ಕೆ ಕರೆಯಲಿಲ್ಲ ಎಂಬ ಉರಿ, ಎರಡನ್ನೂ ಒಂದೇ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಮೀಟರು ಜಗಲಿಯಲ್ಲೇ ಇರುತ್ತದಲ್ಲ, ಒಳಗೇನು ಕೆಲಸ ಎಂದು ಯಾರಾದರೂ ಹೇಳಿದರೆ, "ಬ್ಯಾರೆ ಲೈನ್‌ಮ್ಯಾನ್ಗೂ ಅಲ್ಲೇ ಇತ್ತು ಮೀಟ್ರು" ಎಂದು ಮುಖ ತಿರುಗಿಸುತ್ತಿದ್ದ.

ಅಪ್ಪನ ಹಳೇ ಕೋಪಕ್ಕೆ ತಾನು ಸೇರಬಾರದು ಎಂದು ಶಶಿರೇಖಾ ಬಹಳ ದಿನ ತಡೆದುಕೊಂಡಿದ್ದಳು. ಆದರೆ ಈ ಲೈನು ಕೆಡುವ ರೀತಿಯೇ ಸರಿಯಿರಲಿಲ್ಲ. ನಾಲ್ಕಾರು ದಿನ ನೀಟಾಗಿ ಇರುತ್ತದೆ. ಒಂದು ದಿನ ಫಕ್ಕನೆ ಹೋಗುತ್ತದೆ. ಮಾರನೇ ದಿನ ಏನೂ ಆಗದವರ ಹಾಗೆ ಬಂದು ಕೂತಿರುತ್ತದೆ. ಕೆಟ್ಟಿದ್ದಾದರೆ ಕೆಟ್ಟೇ ಇರಬೇಕು. ತಾನಾಗಿ ಕೆಟ್ಟು ತಾನಾಗಿ ಸರಿಹೋಗುವುದೆಂದರೆ ಅದರ ಹಿಂದೆ ಯಾರದೋ ಕೈ ಇರಲೇಬೇಕು.

"ಲೈನ್ ಇಡ್ಕಂಡ್ ನಡಿ," ಎಂದ ಕೆಂಪಸಿದ್ದಯ್ಯ. "ಎಲ್ಲಿ ಮುಟ್ಟವ್ರೆ ಅಂತ ಕಣ್ಗೇ ಕಾಣ್ತದೆ. ನನ್ ಮಂಡಿ ಸರ್ಯಾಗಿದ್ದಿದ್ರೆ ನಾನೇ ಓಯ್ತಿದ್ದೆ."

ಬಿಸಿಲು ಇಳಿಯುವ ಮೊದಲೇ ಅವಳು ಹೊರಟಳು. ಕತ್ತೆತ್ತಿಕೊಂಡು ಕಪ್ಪು ವೈರನ್ನೇ ನೋಡುತ್ತಾ ನಡೆದಳು. ಕೇರಿಯ ಕಂಬ, ಹೊಂಗೆಮರ, ಕಬ್ಬಿನ ಗದ್ದೆಯ ಅಂಚು, ದಿಬ್ಬ. ಎಲ್ಲೂ ಹರಿದಿಲ್ಲ, ಜೋತಿಲ್ಲ. ದಿಬ್ಬ ಹತ್ತಿದ ಮೇಲೆ ವೈರು ಒಂದು ಹಿಪ್ಪುನೇರಳೆ ತೋಟದ ಬೇಲಿ ದಾಟಿ ನೇರ ಗೌಡರ ಬೀದಿಯ ಮರಿತಾಯಮ್ಮನ ಮನೆ ಕಡೆ ತಿರುಗಿತು. ದೊಡ್ಡ ಮನೆಯ ಒತ್ತಿಗೆ ರೇಷ್ಮೆ ಹುಳು ಸಾಕುವ ಉದ್ದನೆಯ ಹುಳದ ಮನೆ. ವೈರು ಹೋಗಿ ಅದರ ಗೋಡೆಯ ಒಂದು ತೂತಿನೊಳಗೆ ತಲೆ ಹಾಕಿತ್ತು.

ಇವಳು ತೂತಿನ ಕಡೆ ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಕಿಟಕಿಗೆ ಕಟ್ಟಿದ್ದ ಬಲೆಯ ಹಿಂದಿನಿಂದ ಒಂದು ಗಂಟಲು ಸಿಡಿಯಿತು.

"ಯಾರದು? ಲೈನ್‌ಮ್ಯಾನ್ ಮಗಳಾ? ಅಲ್ಲೇ ನಿಂತ್ಕ! ಅತ್ರ ಬರ್ಬೇಡ! ದೂರ ಓಗು, ದೂರ ಓಗು!"

ಮರಿತಾಯಮ್ಮನ ಮುಖವೂ ಕಾಣಲಿಲ್ಲ. ಬಲೆಯ ಹಿಂದೆ ಒಂದು ಕೈ ಮಾತ್ರ ಕೋಳಿ ಓಡಿಸುವ ಹಾಗೆ ಅಲ್ಲಾಡುತ್ತಿತ್ತು. ಶಶಿರೇಖಾಳ ಕಿವಿಯಿಂದ ಕೆನ್ನೆಯವರೆಗೆ ಬಿಸಿ ಹತ್ತಿತು. ಬಂದ ದಾರಿಗೇ ತಿರುಗಿದಳು. ಎಂ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ, ದೂರ ಓಗು ಎನ್ನುವುದನ್ನು ಅಜ್ಜಿ ಕೇಳಿದ ಹಾಗೇ ಕೇಳಿಕೊಂಡು ಬಂದೆ ಎಂದು ದಾರಿಯುದ್ದಕ್ಕೂ ಅದೇ ಅದೇ ತಲೆಯಲ್ಲಿ ಸುತ್ತಿತು.

ಮನೆಯಲ್ಲಿ ಅವ್ವ ಮಾಯಮ್ಮ, "ಏನಂದ್ಲು?" ಎಂದಳು.

"ಏನಿಲ್ಲ."

"ಏನಿಲ್ದೆ ಮಕ ಇಂಗ್ಯಾಕ್ ಕೆಂಪಾಯ್ತದೆ?"

ಮಾರನೇ ದಿನ ಬೆಳಿಗ್ಗೆ ಕೇಬಲ್ ಸ್ವಾಮಿ ಬೈಕಿನಲ್ಲಿ ಬಂದ. ಮದ್ದೂರಿನಲ್ಲಿ ಅಂಗಡಿ ಇಟ್ಟುಕೊಂಡು ಸುತ್ತಲ ಹಳ್ಳಿಗಳಿಗೆಲ್ಲ ಲೈನು ಕೊಟ್ಟವನು ಅವನೇ. ಅಷ್ಟು ಹೊತ್ತಿಗೆ ಹಸಿರು ದೀಪ ತಾನೇ ಹತ್ತಿಕೊಂಡು ಕೂತಿತ್ತು. ಸ್ವಾಮಿ ಅಂಗೈಯಷ್ಟು ಮೀಟರಿಗೆ ಹಳದಿ ವೈರು ಸಿಕ್ಕಿಸಿ ನೋಡಿ, "ಲೈಟು ಮಸ್ತಾಗ್ ಬತ್ತಾ ಅದೆ ಕಣಕ್ಕ," ಎಂದ.

"ನಿನ್ನೆ ಬರ್ತಿರಲಿಲ್ಲ."

"ನಿನ್ನೆದು ನಿನ್ನೆಗಾಯ್ತು ಬುಡಿ. ಅಳಿಲು ಗಿಳಿಲು ಕಚ್ಚಿರ್ತದೆ."

"ಅಳಿಲು ಕಚ್ಚಿ, ರಾತ್ರಿ ಬಂದು ಅದೇ ಹೊಲಿದು ಹೋಯ್ತಾ ಸ್ವಾಮಿ?"

ಸ್ವಾಮಿ ನಕ್ಕ. ಆ ನಗುವಿನಲ್ಲೇ ಏನೋ ಇದೆ ಎನ್ನಿಸಿತು ಇವಳಿಗೆ. "ನಿಮ್ಮಾಣೆ ಅಕ್ಕ, ಊರಲ್ಲಿ ಒಬ್ರುದೂ ಕಂಪ್ಲೇಂಟಿಲ್ಲ. ನಿಮ್ದೊಂದೇ ಬರಾದು. ಕಂಪ್ಲೇಂಟಿದ್ರೆ ಎಲ್ರುದೂ ಇರ್ಬೇಕಲ್ವಾ?" ಎಂದು ಬೈಕು ಒದ್ದು ಹೊರಟೇಬಿಟ್ಟ.

ಕೇಳಿಯೇ ನೋಡೋಣ ಎಂದು ಗುರುವಾರ ಅವಳು ಮೇಲಿನ ಬೀದಿಗೆ ಹೋದಳು. ಅಂಗಡಿ ನಿಂಗಯ್ಯನ ಹತ್ತಿರ ಸಕ್ಕರೆ ಕೇಳುವ ನೆಪ.

"ನಿಂಗಯ್ಯಣ್ಣ, ನಿಮ್ಮ ನೆಟ್ಟು ಆಗಾಗ ಹೋಗುತ್ತಾ?"

"ನಮ್ದು ಓಗಿಲ್ಲ ಕಣಮ್ಮ. ಆಕ್ಸಿದ್ ದಿನದಿಂದ್ಲೂ ಓಗಿಲ್ಲ."

"ಒಂದು ಸಲನೂ?"

"ಒಂದ್ ಸಲ್ವೂ ಇಲ್ಲ. ಸಕ್ರೆ ಅರ್ಧ ಕೇಜಿ ಸಾಕಾ?"

ಬಿಸಿಲು ಕಾಯುತ್ತಿದ್ದ ಮುದುಕ ಕೇಳದಿದ್ದರೂ, "ನಮ್ದೂ ಓಗಿಲ್ಲ" ಎಂದ. ಎದುರು ಮನೆಯ ದೀಪಿಕ ಕಸ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ, "ನಮ್ದು ಓಗಿಲ್ವಪ್ಪ" ಎಂದಳು. ಎಲ್ಲರದೂ ಒಂದೇ ಮಾತು. ಯಾರೂ ಒಂದು ಕ್ಷಣ ಯೋಚಿಸಲಿಲ್ಲ, ತಡವರಿಸಲಿಲ್ಲ. ಮೊದಲೇ ಕೂತು ಮಾತಾಡಿಕೊಂಡವರ ಹಾಗೆ!

ಗಣಿತದವಳಲ್ಲವೇ, ಲೆಕ್ಕ ಹಾಕಿದಳು. ಎಲ್ಲ ಮನೆಗೂ ಒಂದೇ ಲೈನು. ಅವರದು ಹೋಗಿಲ್ಲ. ನಮ್ಮದು ಹೋಗುತ್ತೆ. ಹಾಗಾದರೆ ನಮ್ಮದೊಂದನ್ನೇ ಯಾರೋ ಕಿತ್ತು ಮತ್ತೆ ಸಿಕ್ಕಿಸುತ್ತಿದ್ದಾರೆ. ನಮ್ಮ ವೈರು ಹೋಗಿ ಸೇರುವುದು ಮರಿತಾಯಮ್ಮನ ಗೋಡೆಗೆ. ಆ ಗೋಡೆ ಹತ್ತಿರ ಹೋದರೆ ಕೈ ಬೀಸಿ ಓಡಿಸುತ್ತಾರೆ. ಇನ್ನೇನು ಬೇಕು ಸಾಬೀತಿಗೆ?

ಶುಕ್ರವಾರ ಬಸ್ ನಿಲ್ಲುವ ಕಡೆ ಮರಿತಾಯಮ್ಮನ ಮಗ ರಘುನಂದನ್ ಸಿಕ್ಕಿದ. ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಪಾಳಿ ಮುಗಿಸಿ ಬಂದವನು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ. ಹೈಸ್ಕೂಲಿನಲ್ಲಿ ಇವಳ ಕ್ಲಾಸೇ. ಗಣಿತದಲ್ಲಿ ಇವಳು ಶಾಲೆಗೇ ಮೊದಲು, ಅವನು ಹಾಗೂ ಹೀಗೂ ಪಾಸು.

"ಏನ್ ಸಸಿ, ಫೋನಲ್ಲೇ ಪಾಠ ಮಾಡ್ತೀಯಂತೆ? ನಂಗೂ ವಸಿ ಯೋಳ್ಕೊಡು, ಈಗ್ಲಾದ್ರೂ ಅತ್ತದಾ ನೋಡಣ."

"ಲೈನಿದ್ರೆ ತಾನೇ ಪಾಠ. ನಾಳೆ ಸಂಜೆ ಐದಕ್ಕೆ ಮುಖ್ಯವಾದ ಕ್ಲಾಸಿದೆ ರಘು. ಅದು ಕಟ್ಟಾದ್ರೆ ಕೆಲಸನೇ ಹೋಗುತ್ತೆ." ಬೇಕೆಂದೇ ಹೇಳಿದಳು. ಅವನ ಕಣ್ಣನ್ನೇ ನೋಡುತ್ತಾ ಹೇಳಿದಳು.

"ನಾಳೆ ಸಂಜೆನಾ?" ಎಂದು ರಘುನಂದನ್ ಏನೋ ಲೆಕ್ಕ ಹಾಕುವವನ ಹಾಗೆ ಆಕಾಶ ನೋಡಿದ. ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. "ಬಂದೆ ಕಣವ್ವ, ಬಂದೆ" ಎನ್ನುತ್ತಾ ಬೈಕು ಹತ್ತಿ ಹೋದ.

ಶನಿವಾರ ಮಧ್ಯಾಹ್ನದವರೆಗೂ ಹಸಿರು ದೀಪ ಬಂಡೆಯ ಹಾಗಿತ್ತು. ಶಶಿರೇಖಾ ಊಟಕ್ಕೂ ಏಳದೆ ಅದನ್ನೇ ಕಾಯುತ್ತಿದ್ದಳು. ಒಂದು ತುತ್ತಾದರೂ ತಿನ್ನು ಎಂದು ಮಾಯಮ್ಮ ತಟ್ಟೆಯನ್ನೇ ಕೈಗೆ ತಂದುಕೊಟ್ಟಳು. ಮುದ್ದೆ ಮುರಿದು ಸಾರಿಗೆ ಅದ್ದಿ ತಲೆ ಎತ್ತಿದರೆ, ಕೆಂಪು! ಕ್ಲಾಸಿಗೆ ಇನ್ನು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿತ್ತು. ಮದ್ದೂರಿಗೆ ಓಡೋಣವೆಂದರೆ ಬಸ್ಸಿಲ್ಲ. ಹುಣಸೆಮರದ ಬುಡದ ಸಿಗ್ನಲ್ಲಿಗೆ ವೀಡಿಯೋ ಹೋಗುವುದಿಲ್ಲ.

"ನಾನು ಹೇಳಿದ್ದು ರಘುಗೆ ಮಾತ್ರ," ಎಂದಳು. "ಅವನೊಬ್ಬನಿಗೇ ಗೊತ್ತಿತ್ತು ಅಪ್ಪ."

ಕೆಂಪಸಿದ್ದಯ್ಯ ಅಂಗಿ ಹಾಕಿಕೊಂಡ. ಮಂಡಿ ನೋವು ಎಲ್ಲಿ ಹೋಯಿತೋ. ಅಪ್ಪ ಮಗಳು ದಿಬ್ಬ ಹತ್ತಿದರು.

ರಘುನಂದನ್ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಇವರನ್ನು ನೋಡಿ ಎದ್ದು ನಿಂತ.

"ರಘು, ಒಂದೇ ಮಾತು ಕೇಳ್ತೀನಿ," ಎಂದಳು ಶಶಿರೇಖಾ. "ನಿಮ್ಮ ನೆಟ್ಟು ಹೋಗಿದೆಯಾ?"

"ಇಲ್ವಲ್ಲ. ನಮ್ದು ಓಗಿಲ್ಲ."

"ತೋರಿಸು."

"ಆಂ?"

"ಫೋನ್ ತೆಗೆದು ತೋರಿಸು. ಬರ್ತಿದೆ ತಾನೇ? ಏನಾದ್ರೂ ಹಾಕಿ ತೋರಿಸು."

ರಘುನಂದನ್ ಅವಳನ್ನು ವಿಚಿತ್ರವಾಗಿ ನೋಡಿದ. "ಈಗೆಲ್ ಬತ್ತದೆ? ತೆಗ್ದದೆಯಲ್ಲ."

"ಹೋಗಿಲ್ಲ ಅಂದೆ!"

"ಓಗಿಲ್ಲ ಸಸಿ. ತೆಗ್ದದೆ. ಓಗಾದ್ ಬ್ಯಾರೆ, ತೆಗ್ಯಾದ್ ಬ್ಯಾರೆ. ಉಳ ಜ್ವರಕ್ ಕುಂತವೆ, ಅದ್ಕೆ ಅವ್ವ ಡಬ್ಬಿ ತೆಗ್ದವ್ಳೆ. ಇಡೀ ಊರ್ಗೇ ಇಲ್ಲ ಈಗ. ನಿನ್ನೆ ಅದ್ನೇ ಯೋಳಣ ಅಂತಿದ್ದೆ, ಅವ್ವ ಸೊಪ್ಪು ತತ್ತಾ ಅಂತ ಫೋನ್ ಮಾಡುದ್ಲು, ಮರ್ತೋಯ್ತು. ಎಂಗೂ ಗೊತ್ತಿರ್ತದೆ ಅನ್ಕಂಡೆ."

ಶಶಿರೇಖಾ ಅಪ್ಪನ ಮುಖ ನೋಡಿದಳು. ಅಪ್ಪ ಇವಳ ಮುಖ ನೋಡಿದ. ಕರೆಂಟು ಹೋಗುವುದು ಬೇರೆ, ಇಲಾಖೆಯವರು ಕೆಲಸಕ್ಕೆಂದು ತೆಗೆಯುವುದು ಬೇರೆ ಎಂದು ಜೀವನವಿಡೀ ಜನಕ್ಕೆ ಬಿಡಿಸಿ ಹೇಳಿದವನು ಅವನೇ. ತೆಗೆದಾಗ ಯಾರೂ ಓಯ್ತು ಎನ್ನುವುದಿಲ್ಲ, ಯಾರೂ ಕಂಪ್ಲೇಂಟ್ ಕೊಡುವುದೂ ಇಲ್ಲ.

ಆಗ ಮರಿತಾಯಮ್ಮ ಹುಳದ ಮನೆಯಿಂದ ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೊರಬಂದಳು. "ಮೆಲ್ಗ್ ಮಾತಾಡ್ರಪ್ಪ," ಎಂದು ಪಿಸುಗುಟ್ಟಿದಳು. "ನಾಕ್ನೆ ಜ್ವರ."

ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಮುಟ್ಟುವುದಿಲ್ಲ, ಅಲುಗಿಸುವುದಿಲ್ಲ, ಹೊರಗಿನವರನ್ನು ಬಿಡುವುದಿಲ್ಲ. ಇದೆಲ್ಲ ಶಶಿರೇಖಾಳಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಡಬ್ಬಿಯ ವಿಷಯ. ಊರಿಗೆಲ್ಲ ಲೈನು ಹಂಚುವ ಸ್ವಾಮಿಯ ಡಬ್ಬಿಗೆ ಕರೆಂಟು ತಪ್ಪಬಾರದು, ಯುಪಿಎಸ್ ಇದ್ದದ್ದು ಈ ಹುಳದ ಮನೆಯಲ್ಲಿ ಮಾತ್ರ, ಹಾಗಾಗಿ ಅಲ್ಲೇ ಒಳಗೋಡೆಗೆ ಬಡಿದು ಹೋಗಿದ್ದ.

"ಅದು ಒಂದೇ ಸಮ ಗುಯ್ ಅನ್ನದು, ಕಣ್ ಕಣ್ ಬುಡಾದು," ಎಂದಳು ಮರಿತಾಯಮ್ಮ. "ಆಕ್ಸುದ್ ಮೊದುಲ್ನೆ ಬೆಳೆನೇ ಕೆಟ್ಟೋಯ್ತು. ಉಳ ಜ್ವರಕ್ ಕುಂತಾಗ ಆಫ್ ಮಾಡ್ತೀನಿ, ಒಪ್ಪುದ್ರೆ ಇರ್ಲಿ, ಇಲ್ದಿದ್ರೆ ಕಿತ್ಕಂಡ್ ಓಗು ಅಂದೆ ಸ್ವಾಮಿಗೆ. ಒಪ್ಕಂಡ. ಈಗೇನು?"

ಶಶಿರೇಖಾ ಅಲ್ಲೇ ಸ್ವಾಮಿಗೆ ಫೋನು ಹಚ್ಚಿದಳು. "ಅಯ್ಯೋ, ಅದಾ?" ಎಂದ ಸ್ವಾಮಿ. "ಅದು ಓಗಾದಲ್ಲ ಕಣಕ್ಕ, ಅದು ತೆಗ್ಯಾದು! ನೀವು ಓಯ್ತು ಓಯ್ತು ಅಂತಿದ್ರಿ. ನಿಮ್ಗೂ ಯೋಳಿರ್ತಾರೆ ಅಂದ್ಕಂಡೆ."

"ಯಾರು ಹೇಳಿರ್ತಾರೆ?"

"ಊರೋರು."

ಫೋನು ಇಟ್ಟು ಮರಿತಾಯಮ್ಮನ ಕಡೆ ತಿರುಗಿದಳು. "ನಮಗ್ಯಾಕೆ ಹೇಳಲಿಲ್ಲ?"

"ಊರ್ಗೆಲ್ಲ ಯೋಳಿವ್ನಿ ಕಣವ್ವ. ಬೆಳಿಗ್ಗೆ ಡೈರೀಲಿ ಆಲು ಉಯ್ಯವಾಗ ಯೋಳ್ತೀನಿ, ಇವತ್ತು ಉಳ ಕುಂತ್ಕತವೆ, ಲೈನ್ ತೆಗಿತೀನಿ ಅಂತ."

"ನಮ್ಮನೇಲಿ ಹಸು ಇಲ್ಲ."

"ಅದ್ಕ್ ನಾನೇನ್ ಮಾಡ್ಲಿ?"

"ಅಸ ಇಲ್ದೋರು ಊರೋರಲ್ವಾ?" ಎಂದ ಕೆಂಪಸಿದ್ದಯ್ಯ, ಮೆಲ್ಲಗೇ.

ಮರಿತಾಯಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. ಶಶಿರೇಖಾ ಬಿಡಲಿಲ್ಲ. "ಮಂಗಳವಾರ ನಾನು ಬಂದಾಗ ದೂರ ಹೋಗು ಅಂತ ಓಡಿಸಿದ್ರಲ್ಲ?"

"ಉಳ ಜ್ವರದಾಗಿದ್ವು! ನನ್ ಒಡುಟ್ಟಿದ್ ತಂಗಿ ಬಂದ್ರೂ ಅಂಗೇ ಅನ್ನದು."

"ತಂಗಿಗೂ ಅಷ್ಟು ಜೋರಾಗಿ ಕೂಗ್ತೀರಾ?"

"ಅವ್ಳ್ಗೆ ಇನ್ನೂ ಜೋರಾಗ್ ಕೂಗ್ತೀನಿ. ಅವ್ಳ್ಗೆ ಕಿವಿ ಕೇಳಾಕಿಲ್ಲ."

ರಘುನಂದನ್ ನಕ್ಕ. ಶಶಿರೇಖಾಗೂ ಅರ್ಧ ನಗು ಬಂತು, ಅದನ್ನು ಅಲ್ಲೇ ಹಿಡಿದುಕೊಂಡಳು. "ಜ್ವರ ಬಿಟ್ಟ ಮೇಲೆ ಬರಬಹುದಾ ಒಳಗೆ?"

"ಜ್ವರ ಬುಟ್ಮೇಲೆ ಏನವ್ವ ಅದೆ ನೋಡಕ್ಕೆ? ಉಳ ತಾನೆ," ಎಂದಳು ಮರಿತಾಯಮ್ಮ. ಅದು ಬಾ ಎಂದಂತೆಯೋ ಬೇಡ ಎಂದಂತೆಯೋ ಗೊತ್ತಾಗಲಿಲ್ಲ.

ಜಗಳ ಆಡುತ್ತಾ ನಿಂತರೆ ಐದು ಗಂಟೆ ಕಾಯುವುದಿಲ್ಲ. "ಅಮ್ಮ, ಒಂದು ಗಂಟೆ ಹಾಕಿ ಕೊಡಿ," ಎಂದಳು ಶಶಿರೇಖಾ. ಕೇಳುವುದು ಮೈಮೇಲೆ ಮುಳ್ಳು ಆಡಿಸಿದ ಹಾಗಾಯಿತು. ಆದರೂ ಕೇಳಿದಳು. "ಒಂದೇ ಗಂಟೆ. ನನ್ನ ಕೆಲಸದ ಪ್ರಶ್ನೆ."

"ನಂಗೂ ಬೆಳೆ ಪ್ರಶ್ನೇನೇ ಕಣವ್ವ. ನಾಕ್ನೆ ಜ್ವರ ಕೆಟ್ರೆ ಗೂಡೇ ಕಟ್ಟಾಕಿಲ್ಲ ಅವು."

"ಅವ್ವ, ಡಬ್ಬೀನೇ ಈಚ್ಕೆ ತಂದ್ರೆ?" ಎಂದ ರಘುನಂದನ್. ಗೋಡೆಯ ಹೊರಗೆ ಸ್ವಾಮಿ ಹೆಚ್ಚುವರಿ ವೈರನ್ನು ಸುರುಳಿ ಸುತ್ತಿ ನೇತುಹಾಕಿದ್ದ. ಅದನ್ನು ಬಿಚ್ಚಿದರೆ ಜಗಲಿಯವರೆಗೆ ಎಳೆಯಬಹುದು. ಜಗಲಿಯಲ್ಲಿ ಪ್ಲಗ್ಗು ಇದೆ. ರಘುನಂದನ್ ಬರಿಗಾಲಲ್ಲಿ ಕಳ್ಳರ ಹಾಗೆ ಒಳಗೆ ಹೋಗಿ, ಸ್ಕ್ರೂ ಬಿಚ್ಚಿ, ಮಗುವನ್ನು ಎತ್ತಿಕೊಂಡು ಬಂದವನ ಹಾಗೆ ಡಬ್ಬಿಯನ್ನು ಎದೆಗವಚಿಕೊಂಡು ಬಂದ. ಕೆಂಪಸಿದ್ದಯ್ಯ ಸುರುಳಿ ಬಿಚ್ಚಿ ವೈರು ಮಡಿಚದ ಹಾಗೆ ಹಿಡಿದುಕೊಂಡ. ಪ್ಲಗ್ಗು ಹಾಕಿದರು. ಡಬ್ಬಿ ಗುಯ್ ಎಂದಿತು.

"ನೀನ್ ಓಗವ್ವ," ಎಂದ ಕೆಂಪಸಿದ್ದಯ್ಯ ಮಗಳಿಗೆ. ಡಬ್ಬಿಯ ಪಕ್ಕ ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟ. "ನಾನಿಲ್ಲೇ ಕುಂತಿರ್ತೀನಿ. ಯಾರ್ ತೆಗಿತಾರೋ ನೋಡ್ತೀನಿ."

"ಕುಂತ್ಕ, ಕುಂತ್ಕ," ಎಂದಳು ಮರಿತಾಯಮ್ಮ. "ನಾನೂ ಇಲ್ಲೇ ಕುಂತ್ಕತೀನಿ. ಲೈನ್‌ಮ್ಯಾನು ಇನ್ನೇನೇನ್ ಬಿಚ್ಚಾಕ್ತಾನೋ ಯಾರ್ಗ್ ಗೊತ್ತು."

ಶಶಿರೇಖಾ ದಿಬ್ಬ ಇಳಿದು ಓಡಿದಳು. ಹಸಿರು. ಮಕ್ಕಳು ಒಬ್ಬೊಬ್ಬರಾಗಿ ಬಂದರು, ಕೊನೆಗೆ ಮೂಲೆಯ ಚೌಕದಲ್ಲಿ ವೀಣ. ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳೂ ಸಮ ಎಂದು ಸಾಧಿಸಬೇಕು. ಬಾಯಿ ಸಾಧಿಸುತ್ತಿತ್ತು, ಮನಸ್ಸು ದಿಬ್ಬದ ಮೇಲಿತ್ತು. ಅಪ್ಪ ಹಳೇದು ತೆಗೆದು ಜಗಳ ಶುರು ಮಾಡಿದನಾ? ಮರಿತಾಯಮ್ಮ ಸಿಟ್ಟಿನಲ್ಲಿ ಪ್ಲಗ್ಗು ಎಳೆದಳಾ? ಪ್ರತಿ ಸಾಲಿಗೂ ಒಮ್ಮೆ ಬೀರುವಿನ ಕಡೆ ಕಣ್ಣು ಹೋಗುತ್ತಿತ್ತು. ಹಸಿರು. ಮತ್ತೊಂದು ಸಾಲು. ಹಸಿರು. ಯಾದಗಿರಿಯ ಹುಡುಗಿ ಪ್ರಶ್ನೆ ಕೇಳಿದಳು, ಇವಳು ಉತ್ತರ ಹೇಳಿದಳು. ಹಸಿರು.

ಕ್ಲಾಸು ಮುಗಿದು ಮಕ್ಕಳು ಹೋದ ಮೇಲೂ ವೀಣ ಉಳಿದಳು. "ಶಶಿರೇಖಾ, ಒಂದು ಕೇಳ್ಲಾ? ಆಗಾಗ ಆ ಕಡೆ ನೋಡ್ತಿದ್ರಲ್ಲ, ಅಲ್ಲಿ ಯಾರಿದ್ದಾರೆ? ಯಾರಾದ್ರೂ ಹೇಳಿಕೊಡ್ತಿದ್ರಾ?"

ಶಶಿರೇಖಾ ಲ್ಯಾಪ್‌ಟಾಪನ್ನೇ ಎತ್ತಿ ಬೀರುವಿನ ಕಡೆ ತಿರುಗಿಸಿದಳು. ರೂಟರು ಒಂಟಿಯಾಗಿ ಕೂತಿತ್ತು. ವೀಣ ಜೋರಾಗಿ ನಕ್ಕು, "ಆಯ್ತು ಬಿಡಿ, ಸೋಮವಾರದಿಂದ ನೀವು ಪರ್ಮನೆಂಟ್," ಎಂದಳು.

ಕೆಂಪಸಿದ್ದಯ್ಯ ಮನೆಗೆ ಬಂದಾಗ ಮುಸ್ಸಂಜೆಯಾಗಿತ್ತು. ವಿಷಯ ಕೇಳಿ ಮಗಳ ತಲೆ ಮೇಲೆ ಕೈಯಿಟ್ಟ. ಆಮೇಲೆ ಗೋಡೆಗೊರಗಿ ಕೂತು ಮಂಡಿ ಒತ್ತಿಕೊಳ್ಳತೊಡಗಿದ.

"ಏನ್ ಮಾಡುದ್ರಿ ಅಷ್ಟೊತ್ತು ಇಬ್ರೂ ಕುಂತ್ಕಂಡು?" ಎಂದಳು ಮಾಯಮ್ಮ.

"ಏನ್ ಮಾಡದು. ಅವ್ಳ್ ನನ್ ಕೈ ನೋಡ್ಕಂಡ್ ಕುಂತಿದ್ಲು, ನಾನ್ ಅವ್ಳ್ ಕೈ ನೋಡ್ಕಂಡ್ ಕುಂತಿದ್ದೆ. ಸಸಿ ಫೋನ್ ನಂಬರ್ ಇಸ್ಕಂಡ್ಲು, ಮುಂದುನ್ ಬೆಳೇಗೆ ಮೊದ್ಲೇ ಯೋಳ್ತೀನಿ ಅಂತ." ಮಂಡಿಯಿಂದ ಕೈ ತೆಗೆದು, "ಕಾಪಿ ಕೊಟ್ಲು," ಎಂದ.

ಅಕ್ಕಿ ಆರಿಸುತ್ತಿದ್ದ ಮಾಯಮ್ಮನ ಕೈ ನಿಂತಿತು. "ಯಾವ್ದ್ರಲ್ಲಿ?"

"ಪೇಪರ್ ಲೋಟ್ದಲ್ಲಿ."

"ನೋಡ್ದಾ! ನಾನ್ ಯೋಳ್ಲಿಲ್ವಾ!"

"ಅವ್ಳೂ ಪೇಪರ್ ಲೋಟ್ದಲ್ಲೇ ಕುಡುದ್ಲು ಕಣಮ್ಮಿ. ಆ ಐದ ರಘುನೂವೆ."

ಮಾಯಮ್ಮ ಶಶಿರೇಖಾಳ ಮುಖ ನೋಡಿದಳು. ಶಶಿರೇಖಾ ಲೆಕ್ಕ ಹಾಕಲು ನೋಡಿದಳು. ಉಳಿದ ದಿನವೂ ಆ ಮನೆಯಲ್ಲಿ ಪೇಪರ್ ಲೋಟವೇನಾ? ಹುಳದ ಕೆಲಸದ ನಡುವೆ ತೊಳೆಯುವ ರಗಳೆ ಬೇಡ ಎಂದಾ? ಅಥವಾ ಅಪ್ಪನಿಗೊಬ್ಬನಿಗೇ ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಮೂವರಿಗೂ ತಂದಳಾ? ಯಾವ ಕಡೆಯಿಂದ ಹಾಕಿದರೂ ಉತ್ತರ ಬರಲಿಲ್ಲ.

"ಮನೇಲಿ ಲೋಟ ಇಲ್ವಾ ಅಂತ ಕೇಳ್ಬೇಕಾಗಿತ್ತು ನೀನು," ಎಂದಳು ಮಾಯಮ್ಮ.

"ಎಂಗ್ ಕೇಳ್ಲಿ?" ಎಂದ ಕೆಂಪಸಿದ್ದಯ್ಯ. "ಇವ್ಳ್ ಕ್ಲಾಸು ನಡೀತಾ ಇತ್ತಲ್ಲ."